ಕೆಂಪು ಕಾಗದದಲ್ಲಿ ಬಂದ ಚಹಾ

ಚಹಾ ನಾನು ಕುಡಿದದ್ದು ನಿಜ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ನಾಲ್ಕು ದಿನ ಕೂತು, ನೆರೆಹೊರೆಯವರನ್ನೆಲ್ಲ ಕರೆದು, ಹಳ್ಳದ ಆಚೆ ದಡಕ್ಕೂ ಕೇಳುವ ಹಾಗೆ ಸೊರ್ರೆಂದು ಹೀರಿ ಕುಡಿದೆ. ಇವತ್ತಿಗೂ ನನ್ನನ್ನು ಕಂಡರೆ ‘ಬಟ್ಟಲು ಚಹಾಕ್ಕೆ ಮಗಳನ್ನು ಕೊಟ್ಟವನು’ ಎಂದು ಹಲ್ಲು ಕಿರಿಯುವವರಿದ್ದಾರೆ. ಕಿರಿಯಲಿ. ಅಂಥ ಚಹಾ ಮುಂದಿಟ್ಟರೆ ಅವರೆಷ್ಟು ಹೊತ್ತು ಕೈಕಟ್ಟಿ ಕೂರುತ್ತಿದ್ದರೋ ನಾನೂ ನೋಡುತ್ತಿದ್ದೆ.

ವುಯಿ ಬೆಟ್ಟದ ಈ ಕಣಿವೆಯಲ್ಲಿ ಲೈ ದೆಶೆಂಗ್‌ನ ನಾಲಿಗೆ ಎಂದರೆ ಒಂದು ಮರ್ಯಾದೆ ಇತ್ತು. ಲೈ ದೆಶೆಂಗ್ ಎಂದರೆ ನಾನೇ. ಮೂವತ್ತು ವರ್ಷದ ಹಿಂದೆ ಒಬ್ಬರ ಚಹಾ ಒಂದು ಗುಟುಕು ಹೀರಿ, “ಇದನ್ನು ಒಣಗಿಸಿದ ಕೊಟ್ಟಿಗೆಯಲ್ಲಿ ಉಪ್ಪುಮೀನು ನೇತುಹಾಕಿದ್ದಾರೆ” ಎಂದಿದ್ದೆ. ಹೋಗಿ ನೋಡಿದರೆ ಮೀನು ನೇತಾಡುತ್ತಿತ್ತು. ಅಂದಿನಿಂದ ಪ್ರತಿ ವಸಂತದಲ್ಲಿ ಊರವರು ಹೊಸ ಚಹಾದ ಪೊಟ್ಟಣ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. ನಾನು ಕಣ್ಣು ಮುಚ್ಚಿ ಹೀರಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತೀರ್ಪು ಕೊಡುತ್ತೇನೆ. ಸುಮ್ಮನಿರುವ ಹೊತ್ತೇ ಮುಖ್ಯ. ಅದು ಉದ್ದವಾದಷ್ಟೂ ತೀರ್ಪಿಗೆ ತೂಕ.

ನನ್ನ ಬಾಗಿಲಿಗೆ ಬಾರದವನು ಒಬ್ಬನೇ, ಕೆಳಗಿನ ಹಳ್ಳಿಯ ಫಾಂಗ್ ಜಿನ್‌ಪೋ. ಮೂರು ಅಂತಸ್ತಿನ ಮನೆ, ಎಲೆ ಹೊಸೆಯುವುದಕ್ಕೂ ಒಣಗಿಸುವುದಕ್ಕೂ ಯಂತ್ರ, ಪೇಟೆಯಲ್ಲಿ ಅಂಗಡಿ. ಅವನಿಗೆ ನನ್ನ ನಾಲಿಗೆ ಬೇಕಾಗಿರಲಿಲ್ಲ. ಇದು ನನಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು ಎಂದು ಈಗ ಹೇಳುವುದಕ್ಕೆ ನಾಚಿಕೆಯಿಲ್ಲ.

ಹಾಗಾಗಿ ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಚಿಯು ಅತ್ತೆ ಫಾಂಗ್ ಮನೆಯ ಚಹಾ ಹಿಡಿದು ಬಂದಾಗ ನನ್ನ ಎದೆ ಎರಡು ಇಂಚು ಉಬ್ಬಿತು. ಎರಡು ಪೊಟ್ಟಣ, ಎರಡಕ್ಕೂ ಕೆಂಪು ಕಾಗದ, ಮೇಲೆ ಕೆಂಪು ದಾರ, ದಾರಕ್ಕೆ ಸಿಕ್ಕಿಸಿದ ಪೈನ್ ಚಿಗುರು. ಚಿಯು ಅತ್ತೆ ಈ ಕಣಿವೆಯಲ್ಲಿ ಅರ್ಧ ಮದುವೆಗಳನ್ನು ಮಾಡಿಸಿದವಳು. ಹೆಂಡತಿ ಮನೆಯಲ್ಲಿದ್ದಿದ್ದರೆ ಆ ಕಾಗದ, ಆ ದಾರ, ಆ ಅತ್ತೆ ಮೂರನ್ನೂ ಒಟ್ಟಿಗೆ ನೋಡಿ ಬಾಗಿಲು ಹಾಕಿಬಿಡುತ್ತಿದ್ದಳು. ಅವಳು ಜ್ಯಾನ್‌ಯಾಂಗ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದಳು. ಮಗಳು ಸುಯುನ್ ಮೇಲಿನ ತೋಟದಲ್ಲಿ ಎಲೆ ಕೀಳಿಸುತ್ತಿದ್ದಳು. ಮನೆಯಲ್ಲಿದ್ದದ್ದು ನಾನು ಮತ್ತು ನನ್ನ ನಾಲಿಗೆ.

“ಫಾಂಗ್ ಅವ್ರು ಕಳಿಸಿದ್ದಾರೆ ಲೈ ಅಣ್ಣ. ಅವರ ಮನೇಲೇ ಮಾಡಿದ್ದು,” ಎಂದಳು ಚಿಯು ಅತ್ತೆ. ಕಣ್ಣು ಮಾತ್ರ ನಮ್ಮ ಅಡಿಗೆಮನೆ, ಗೋಡೆ, ಮಾಡು ಎಲ್ಲ ಸುತ್ತಿ ಬಂತು.

“ನೋಡಿದ್ರಾ! ಕೊನೆಗೂ ನನ್ನ ನೆನಪಾಯ್ತು ಅವರಿಗೆ.”

“ನೆನಪೇನು ಅಣ್ಣ, ವರ್ಷದಿಂದ ಇದೇ ಧ್ಯಾನ. ನೀವು ಬಾಯಿಗಿಟ್ರೆ ಸಾಕು ಅಂದ್ರು.”

“ಕುಡಿದು ನೋಡದೆ ನಾನು ಏನೂ ಹೇಳೋನಲ್ಲ.”

“ಕುಡಿದ ಮೇಲೆ ಹೇಳೋದೇನಿದೆ ಬಿಡಿ,” ಎಂದು ಅವಳು ನಕ್ಕಳು. “ಎಂಟನೇ ತಾರೀಕು ಊಟಕ್ಕೆ ಬಂದುಬಿಡಿ, ಎಲ್ರೂ.”

ನಮ್ಮಲ್ಲಿ ಗಂಡಿನ ಮನೆಯವರು ತಾವೇ ಮಾಡಿದ ಚಹಾವನ್ನು ಕೆಂಪು ಕಾಗದದಲ್ಲಿ ಜೋಡಿಯಾಗಿ ಕಳಿಸಿ, ಹೆಣ್ಣಿನ ಮನೆಯವರು ಅದನ್ನು ಕುಡಿದರೆ ಸಂಬಂಧ ಒಪ್ಪಿದಂತೆ. ಬಾಯಿಬಿಟ್ಟು ಕೇಳುವ ಪದ್ಧತಿಯೇ ಇಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನ್ನ ಮದುವೆಯೂ ಹಾಗೇ ಆದದ್ದು. ಆದರೆ ಒಬ್ಬ ಮನುಷ್ಯನನ್ನು ಮೂವತ್ತು ವರ್ಷ ನಾಲಿಗೆ ನಾಲಿಗೆ ಎಂದು ಹೊಗಳಿದರೆ ಅವನ ತಲೆಗೆ ರಕ್ತ ಹೋಗುವುದು ನಿಂತುಬಿಡುತ್ತದೆ.

ಪೊಟ್ಟಣ ಬಿಚ್ಚಿದೆ. ಬರೀ ಮೊಗ್ಗು, ಇನ್ನೂ ಬಿಚ್ಚದ ಎಳೆ ಎಲೆ. ಒಂದೊಂದೂ ಹುಬ್ಬಿನ ಕೂದಲಿನಷ್ಟು ಸಣ್ಣ, ಕಪ್ಪಿನ ನಡುವೆ ಚಿನ್ನದ ನವಿರು. ಹೊರಗಿನವರು ಇದನ್ನು ಕಪ್ಪು ಚಹಾ ಅನ್ನುತ್ತಾರೆ. ಬಟ್ಟಲಲ್ಲಿ ಬಣ್ಣ ನೋಡಿದ ನಮಗೆ ಇದು ಕೆಂಪು ಚಹಾ. ಅವರ ಕಣ್ಣು ಅವರದು. ನಾನು ಹುಟ್ಟಿದಾಗಿನಿಂದ ಪೈನ್ ಹೊಗೆಯಲ್ಲಿ ಒಣಗಿಸಿದ ದೊಡ್ಡೆಲೆಯ ಚಹಾದವನು. ಮೊಗ್ಗಿನ ಚಹಾ ಈಚಿನ ಶೋಕಿ ಎಂದು ಮೂಗು ಮುರಿಯುತ್ತಿದ್ದೆ. ನಮ್ಮ ಕೊಟ್ಟಿಗೆಯಲ್ಲೇ ಸುಯುನ್ ಎರಡು ವರ್ಷದಿಂದ ಮಾಡುತ್ತಿದ್ದರೂ ಬಾಯಿಗೆ ಮುಟ್ಟಿಸಿರಲಿಲ್ಲ. ಆದರೆ ಇದು ಫಾಂಗ್ ಮನೆಯಿಂದ ತೀರ್ಪಿಗೆ ಬಂದದ್ದು. ಇದರ ಮಾತೇ ಬೇರೆ.

ಎದುರು ಮನೆಯ ಲೋಂಗ್ ಚಿಕ್ಕಮ್ಮನನ್ನೂ ಅವಳ ಗಂಡನನ್ನೂ ಕರೆದೆ. ಇಂಥ ಚಹಾ ಕುಡಿಯುವುದಕ್ಕೆ ಒಂದು ಕ್ರಮವಿದೆ, ಕೇಳಿ. ನೀರು ಕುದಿದು ಏಡಿಯ ಕಣ್ಣಿನಷ್ಟು ಗುಳ್ಳೆ ಬಂದಾಗ ಇಳಿಸಬೇಕು. ಮುಚ್ಚಳದ ಬಿಳಿ ಬಟ್ಟಲನ್ನು ಮೊದಲು ಬಿಸಿನೀರಲ್ಲಿ ಬೆಚ್ಚಗೆ ಮಾಡಬೇಕು. ಮೊಗ್ಗು ಹಾಕಿ, ನೀರನ್ನು ನೇರವಾಗಿ ಅದರ ನೆತ್ತಿಗೆ ಸುರಿಯದೆ ಬಟ್ಟಲಿನ ಗೋಡೆಗೆ ಇಳಿಬಿಡಬೇಕು. ಹತ್ತು ಎಣಿಸುವುದರೊಳಗೆ ಬಸಿದುಬಿಡಬೇಕು, ಹನ್ನೊಂದಾದರೆ ಒಗರು. ಕುಡಿಯುವ ಮೊದಲು ಮುಚ್ಚಳ ಮೂಸಬೇಕು. ಆಮೇಲೆ ಹೀರಬೇಕು, ಗಾಳಿಯ ಸಮೇತ, ಸದ್ದಿನ ಸಮೇತ. ಸದ್ದಿಲ್ಲದೆ ಚಹಾ ಕುಡಿಯುವವನು ಅದನ್ನು ಔಷಧಿ ಎಂದುಕೊಂಡಿದ್ದಾನೆ ಎಂದರ್ಥ.

ಹೀರಿದೆ. ಜೇನು, ಗೆಣಸು ಸುಟ್ಟ ಪರಿಮಳ, ಗಂಟಲಿನಾಚೆ ಎಲ್ಲೋ ಬೆಟ್ಟದ ಹೂವು. ನಾನು ಸುಮ್ಮನಾದೆ. ಈ ಸಲ ತೂಕಕ್ಕಾಗಿ ಅಲ್ಲ, ನಿಜವಾಗಿಯೂ ಮಾತು ಹೊರಡಲಿಲ್ಲ.

“ಹೇಗಿದೆ ಮಾವ?” ಎಂದಳು ಲೋಂಗ್ ಚಿಕ್ಕಮ್ಮ.

“ನಮ್ಮ ಕಣಿವೇಲಿ ಏಳು ತಲೆಮಾರಿಂದ ಇಂಥದ್ದು ಆಗಿಲ್ಲ,” ಎಂದು ಮೇಜು ಕುಟ್ಟಿದೆ. “ನಮ್ಮ ಸುಯುನ್ ಇನ್ನು ಹತ್ತು ವರ್ಷ ತಿಣುಕಿದ್ರೂ ಇದರ ಹತ್ರ ಬರಲ್ಲ. ಫಾಂಗ್ ಮನೆಗೆ ಹೋಗಿ ಕಲೀಬೇಕು ಅವಳು!”

ತಲೆಯೆತ್ತಿದರೆ ಬಾಗಿಲಲ್ಲಿ ಬುಟ್ಟಿ ಹಿಡಿದು ಸುಯುನ್ ನಿಂತಿದ್ದಳು. ಬುಟ್ಟಿ ಇಳಿಸಿ ಒಳಗೆ ಹೋದಳು. ಆ ವಾಕ್ಯ ಮಾತ್ರ ಒಳಗೆ ಹೋಗಲಿಲ್ಲ. ಲೋಂಗ್ ಚಿಕ್ಕಮ್ಮನ ಗಂಡನ ಬಾಯಿಂದ ಹೊರಟು ಸಂಜೆಯೊಳಗೆ ಕೆಳಗಿನ ಹಳ್ಳಿ ತಲುಪಿತು. ನಾಲಿಗೆ ಒಪ್ಪಿದೆ, ಮಗಳು ಫಾಂಗ್ ಮನೆಗೆ ಹೋಗುತ್ತಾಳೆ, ಅಪ್ಪನೇ ಮೇಜು ಕುಟ್ಟಿ ಹೇಳಿದ್ದಾನೆ.

ನಾಲ್ಕನೇ ದಿನ ಹೆಂಡತಿ ಗ್ವೇಲಾನ್ ಬಸ್ಸಿಳಿದು ಬಂದಳು. ಬಸ್ಸಿನಲ್ಲೇ ಇಬ್ಬರು ಅವಳಿಗೆ ಶುಭಾಶಯ ಹೇಳಿದ್ದರು. ಏಕೆಂದು ತಿಳಿಯದೆ ಅವಳು ಇಬ್ಬರಿಗೂ ಕಿತ್ತಳೆ ಕೊಟ್ಟಿದ್ದಳಂತೆ. ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಕೆಂಪು ಕಾಗದ, ಒಂದು ಪೊಟ್ಟಣ ಖಾಲಿ, ಎದುರಿಗೆ ನಾನು, ತುಟಿಗೆ ಬಟ್ಟಲು.

“ಉಗುಳ್ರೀ!” ಎಂದು ಕಿರುಚಿದಳು.

ನಾನು ನುಂಗಿದೆ. ಗಾಬರಿಯಾದರೆ ಮನುಷ್ಯ ನುಂಗುತ್ತಾನೆ, ಉಗುಳುವುದಿಲ್ಲ. ಇದು ಯಾರ ತಪ್ಪೂ ಅಲ್ಲ.

“ಜೋಡಿ ಪೊಟ್ಟಣ, ಕೆಂಪು ದಾರ, ಚಿಯು ಅತ್ತೆ! ಇದಕ್ಕಿಂತ ಇನ್ನೇನು ಬೇಕಿತ್ರೀ ನಿಮಗೆ? ಡೋಲು ಬಾರಿಸ್ಬೇಕಿತ್ತಾ?”

“ರುಚಿ ನೋಡೋಕೆ ಕಳಿಸಿದ್ದಾರೆ ಅಂದ್ಕೊಂಡೆ ಕಣೇ.”

“ನಾಲ್ಕು ದಿನ ರುಚಿ ನೋಡಿದ್ರಾ?”

“ಒಳ್ಳೇ ಚಹಾ ಏಳೆಂಟು ಸಲ ನೀರು ತಡೆಯುತ್ತೆ...”

ಅವಳು ನನ್ನನ್ನು ಗ್ರಾಮ ಸಮಿತಿಯ ಕಾರ್ಯದರ್ಶಿ ಜೆಂಗ್ ಹತ್ತಿರ ಅಟ್ಟಿದಳು. ಜೆಂಗ್ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ಕಪಾಟು ತೆರೆದು, ಮತ್ತೆ ಮುಚ್ಚಿದ.

“ಮದುವೆ ನೋಂದಣಿಗೆ ಫಾರಂ ಇದೆ ಲೈ ಅಣ್ಣ. ವಿಚ್ಛೇದನಕ್ಕಿದೆ. ಹಂದಿ ಕಳೆದುಹೋದ್ರೂ ಇದೆ. ತಪ್ಪಿ ಚಹಾ ಕುಡಿದದ್ದಕ್ಕೆ ಇಲ್ಲ.”

“ಕಾನೂನಿನ ಪ್ರಕಾರ ಏನಾಗಿದೆ ಹೇಳಪ್ಪ.”

“ಕಾನೂನಿನ ಪ್ರಕಾರ ನೀವು ಚಹಾ ಕುಡಿದಿದ್ದೀರಿ, ಅಷ್ಟೇ. ಆದ್ರೆ ನನ್ನ ಹೆಂಡತಿ ಆಗಲೇ ಉಡುಗೊರೆಗೆ ರಜಾಯಿ ತಂದಾಯ್ತು. ಕಾನೂನು ಬೀಜಿಂಗ್‌ನಲ್ಲಿದೆ, ಹೆಂಡತಿ ನನ್ನ ಅಡಿಗೆಮನೇಲಿದ್ದಾಳೆ. ನಾನೇನು ಮಾಡ್ಲಿ?”

ನಾನು ಮನೆಗೆ ಬಂದಾಗ ಸುಯುನ್ ಫೋನು ಕೆಳಗಿಡುತ್ತಿದ್ದಳು. ಅವಳ ಚಹಾ ಕೊಂಡು ಮಾರುವ ಪೇಟೆಯ ವರ್ತಕ ಕರೆ ಮಾಡಿದ್ದ. ಮುಂದಿನ ವರ್ಷದಿಂದ ಸುಯುನ್‌ಳ ಚಹಾ ಫಾಂಗ್ ಮನೆಯ ಹೆಸರಲ್ಲೇ ಬರುತ್ತದೆಂದು ಫಾಂಗ್ ಅವನಿಗೆ ಆಗಲೇ ತಿಳಿಸಿಬಿಟ್ಟಿದ್ದನಂತೆ. ಹಾಗಾಗಿ ಪೊಟ್ಟಣಕ್ಕೆ ಅಂಟಿಸುವ ಅವಳ ಹೆಸರಿನ ಚೀಟಿ ಇನ್ನು ಮೇಲೆ ಅಚ್ಚು ಹಾಕಿಸುವುದು ಬೇಡವಂತೆ.

ಆಗ ನನಗೆ ಅರ್ಥವಾಯಿತು. ಫಾಂಗ್‌ಗೆ ಬೇಕಾದದ್ದು ಸೊಸೆಯಲ್ಲ, ಅವಳ ಕೈ. ಇಪ್ಪತ್ತಾರು ವರ್ಷದ ಹುಡುಗಿ, ಎರಡು ವರ್ಷ ನಿದ್ದೆಗೆಟ್ಟು, ಬೆರಳು ಸುಟ್ಟುಕೊಂಡು ತನ್ನ ಹೆಸರಲ್ಲಿ ಒಂದು ಚಹಾ ಮಾಡಿದ್ದಳು. ಆ ಹೆಸರನ್ನು ನಾನು ಸೊರ್ರೆಂದು ಹೀರಿ ಮುಗಿಸಿದ್ದೆ.

“ನಾನು ಹೋಗಲ್ಲ,” ಎಂದಳು ಸುಯುನ್. “ಕುಡಿದವರು ನೀವು. ಬೇಕಿದ್ರೆ ನೀವೇ ಸೊಸೆಯಾಗಿ ಹೋಗಿ.”

ಈ ಮಾತಿಗೆ ಗ್ವೇಲಾನ್ ನಕ್ಕುಬಿಟ್ಟಳು, ಆಮೇಲೆ ಅತ್ತಳು. ದಾರಿ ತೋರಿಸಿದವಳು ಲೋಂಗ್ ಚಿಕ್ಕಮ್ಮ. ಅವಳು ದೂರದ ಗ್ವಿಝೌ ಪ್ರಾಂತ್ಯದಿಂದ ಮದುವೆಯಾಗಿ ಬಂದವಳು.

“ನಮ್ಮ ಕಡೆ ಹುಡುಗಿಗೆ ಒಪ್ಪಿಗೆ ಇಲ್ದಿದ್ರೆ ಅವಳೇ ಚಹಾ ವಾಪಸ್ ಕೊಡ್ತಾಳೆ ಕಣೆ. ಗಂಡಿನ ಮನೆಗೆ ಹೋಗ್ಬೇಕು, ಚಹಾ ಮೇಜಿನ ಮೇಲಿಡ್ಬೇಕು, ‘ನಿಮ್ಮ ಸೇವೆ ಮಾಡೋ ಯೋಗ್ಯತೆ ನನಗಿಲ್ಲ’ ಅಂತ ಮರ್ಯಾದೆಯಿಂದ ಹೇಳ್ಬೇಕು, ಹೇಳಿದ್ದೇ ಓಡ್ಬೇಕು.”

“ಓಡೋದು ಯಾಕೆ?” ಎಂದಳು ಸುಯುನ್.

“ಹಿಡಿದುಬಿಟ್ರೆ ಅವತ್ತೇ ಹಂದಿ ಕೊಯ್ದು ಮದುವೆ! ನನ್ನ ತಂಗಿ ಕೂದಲೆಳೆಯಲ್ಲಿ ತಪ್ಪಿಸ್ಕೊಂಡ್ಳು. ಹೀಲ್ಡ್ ಚಪ್ಪಲಿ ಮಾತ್ರ ಹಾಕ್ಕೋಬೇಡ.”

ವಾಪಸ್ ಕೊಡುವುದಕ್ಕೆ ಇದ್ದದ್ದು ಒಂದೇ ಪೊಟ್ಟಣ. ಇನ್ನೊಂದು ನನ್ನೊಳಗಿತ್ತು. ಸುಯುನ್ ಖಾಲಿ ಕಾಗದವನ್ನು ನೋಡಿದಳು, ಆಮೇಲೆ ನಾನು ಬಸಿದು ಬಿಟ್ಟಿದ್ದ ಒದ್ದೆ ಮೊಗ್ಗುಗಳ ಬಕೆಟ್ಟಿನತ್ತ ಹೋದಳು. ಒಂದು ಮುಷ್ಟಿ ತೆಗೆದು ಬಿಳಿ ತಟ್ಟೆಯ ಮೇಲೆ ಹರಡಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ತುಂಬಾ ಹೊತ್ತು ನೋಡಿದಳು. ಅವಳ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

“ಅಪ್ಪಾ, ಇದರ ಬುಡ ನೋಡಿ. ಒಂದಕ್ಕಾದ್ರೂ ಕಪ್ಪು ಗಾಯ ಇದೆಯಾ?”

ಇರಲಿಲ್ಲ. ಉಗುರಿನಿಂದ ಚಿವುಟಿದ ಮೊಗ್ಗಿಗೆ ಬುಡದಲ್ಲಿ ಕಪ್ಪು ಕಲೆ ಉಳಿಯುತ್ತದೆ. ತೂಕದ ಲೆಕ್ಕದಲ್ಲಿ ಕೂಲಿ ಕೊಡುವ ಫಾಂಗ್ ತೋಟದಲ್ಲಿ ಎಲ್ಲರೂ ಚಿವುಟುವವರೇ. ಈ ಕಣಿವೆಯಲ್ಲಿ ಬೆರಳಿನಿಂದ ಮೇಲಕ್ಕೆತ್ತಿ ಮುರಿಯಲೇಬೇಕು ಎಂದು ಹಟ ಹಿಡಿದವಳು ಒಬ್ಬಳೇ. ಕೊಯ್ಲಿನ ದಿನ ಬೆಳಿಗ್ಗೆ ನೇಲ್ ಕಟರ್ ಹಿಡಿದು ತೋಟದ ಬಾಗಿಲಲ್ಲಿ ನಿಂತು, ಒಳಗೆ ಬರುವ ಪ್ರತಿಯೊಬ್ಬ ಹೆಂಗಸಿನ ಉಗುರು ಕತ್ತರಿಸಿಯೇ ಬಿಡುತ್ತಿದ್ದಳು. ಊರವರು ನಮ್ಮ ತೋಟಕ್ಕೆ ‘ಕ್ಷೌರದಂಗಡಿ’ ಎಂದು ಹೆಸರಿಟ್ಟಿದ್ದರು. ಹೆತ್ತ ತಾಯಿಯ ಉಗುರನ್ನೂ ಅವಳು ಬಿಟ್ಟವಳಲ್ಲ.

“ಇದು ನನ್ನ ಚಹಾ,” ಎಂದಳು ಸುಯುನ್. “ವರ್ತಕನಿಗೆ ನಾನು ಮಾರಿದ್ದು. ಪೇಟೇಲಿ ಫಾಂಗ್ ಅವ್ರು ಕೊಂಡು ತಮ್ಮನೇದು ಅಂತ ಕಳಿಸಿದ್ದಾರೆ.”

ಗಂಡಿನ ಮನೆಯ ಕೈಯಲ್ಲಿ ಆದ ಚಹಾ ಬಂದರೆ ಮಾತ್ರ ಸಂಬಂಧ. ಹೆಣ್ಣಿನ ಚಹಾವನ್ನೇ ಹೆಣ್ಣಿಗೆ ಕಳಿಸಿದರೆ ಅದು ಏನೂ ಅಲ್ಲ. ಗ್ವೇಲಾನ್ ಚಪ್ಪಾಳೆ ತಟ್ಟಿದಳು. ನಾನು ತಟ್ಟಲಿಲ್ಲ. ಸ್ವಂತ ಮಗಳ ಚಹಾವನ್ನು ನಾಲ್ಕು ದಿನ ಕುಡಿದೂ ಗುರುತು ಹಿಡಿಯದ ನಾಲಿಗೆಯೊಂದು ನನ್ನ ಬಾಯಿಯಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.

ಎಂಟನೇ ತಾರೀಕು ಮಧ್ಯಾಹ್ನ ಫಾಂಗ್ ಮನೆಯ ಹಜಾರದಲ್ಲಿ ಐದು ದುಂಡು ಮೇಜು. ಜೆಂಗ್ ರಜಾಯಿ ಸಮೇತ ಬಂದಿದ್ದ. ಸುಯುನ್ ಓಡುವ ಬೂಟು ಹಾಕಿಕೊಂಡು ಒಳಗೆ ನಡೆದಳು. ನಾನು ಒದ್ದೆ ಮೊಗ್ಗುಗಳ ತಟ್ಟೆ ಹಿಡಿದು ಹಿಂದೆ. ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ನಿಮ್ಮ ಸೇವೆ ಮಾಡೋ ಯೋಗ್ಯತೆ ನನಗಿಲ್ಲ,” ಎಂದು ನಿಮ್ಮ ಯೋಗ್ಯತೆ ನನಗೆ ಗೊತ್ತು ಎನ್ನುವ ದನಿಯಲ್ಲಿ ಹೇಳಿ ತಿರುಗಿದಳು. ಅಷ್ಟರಲ್ಲಿ ಚಿಯು ಅತ್ತೆ ಬಾಗಿಲಿನ ಅಗುಳಿ ಹಾಕಿಯಾಗಿತ್ತು. ಎಪ್ಪತ್ತರ ಹೆಂಗಸು ಅಷ್ಟು ಚುರುಕಾಗಿ ಚಲಿಸಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಎರಡು ಬಂದಿತ್ತು, ಒಂದು ವಾಪಸ್ಸಾ?” ಎಂದಳು ಅತ್ತೆ. “ಒಂದು ಚಪ್ಪಲಿ ವಾಪಸ್ ಕೊಟ್ಟ ಹಾಗಾಯ್ತು!”

ಸುಯುನ್ ನನ್ನ ಕೈಯ ತಟ್ಟೆಯನ್ನು ತೆಗೆದು ಮೇಜಿನ ನಡುವೆ ಇಟ್ಟಳು. ಉಗುರಿನ ವಿಷಯ ಹೇಳಿದಳು. ಹೆಂಗಸರೆಲ್ಲ ಬಗ್ಗಿ ನೋಡಿ, ಆಮೇಲೆ ತಮ್ಮ ತಮ್ಮ ಉಗುರು ನೋಡಿಕೊಂಡರು.

ಫಾಂಗ್ ಜಿನ್‌ಪೋ ಕದಲಲಿಲ್ಲ. “ಎಲೆ ಹೇಗೆ ಬೇಕಾದ್ರೂ ಕೀಳಬಹುದಮ್ಮ. ನಾವೂ ಈ ವರ್ಷ ಹಾಗೇ ಕಿತ್ತೆವು. ನಿಮ್ಮಪ್ಪ ಏನಂದ್ರು? ಫಾಂಗ್ ಮನೆ ಚಹಾದಂಥದ್ದು ಏಳು ತಲೆಮಾರಲ್ಲಿ ಇಲ್ಲ, ಮಗಳು ಮಾಡೋದು ಇದರ ಹತ್ರಾನೂ ಬರಲ್ಲ ಅಂದ್ರು. ಮಗಳ ಚಹಾ ಅಪ್ಪನಿಗೆ ಗೊತ್ತಾಗಲ್ವಾ? ಅದೂ ಈ ಅಪ್ಪನಿಗೆ? ಹೇಳಿ ಲೈ ಅಣ್ಣ. ನಿಮ್ಮ ನಾಲಿಗೆ ತಪ್ಪಿದ್ದುಂಟಾ?”

ಐದು ಮೇಜುಗಳೂ ನನ್ನತ್ತ ತಿರುಗಿದವು. ಜಾಣ. ನಾಲಿಗೆ ಸರಿಯೆಂದರೆ ಮಗಳು ಅವನ ಮನೆಗೆ. ನಾಲಿಗೆ ತಪ್ಪೆಂದರೆ ಊರಲ್ಲಿ ನನಗೆ ಉಳಿಯುವುದು ಏನು? ಸೌದೆ ಒಟ್ಟುವ ಒಬ್ಬ ಮುದುಕ. ನಾನು ಸುಮ್ಮನಾದೆ. ಅಷ್ಟು ಉದ್ದ ನಾನು ಯಾವ ಚಹಾಕ್ಕೂ ಸುಮ್ಮನಾದವನಲ್ಲ.

“ನನ್ನ ನಾಲಿಗೆಗೆ ಏನೂ ಗೊತ್ತಿಲ್ಲ,” ಎಂದೆ.

“ಏನಂದ್ರಿ?”

“ಏನೂ ಗೊತ್ತಿಲ್ಲ ಅಂದೆ! ಮೂವತ್ತು ವರ್ಷದ ಹಿಂದಿನ ಉಪ್ಪುಮೀನು, ಅದನ್ನ ನಾನು ಕುಡಿಯೋಕೆ ಮುಂಚೆನೇ ಕಣ್ಣಾರೆ ನೋಡಿದ್ದೆ. ದಾರೀಲಿ ಹೋಗ್ತಾ ಕಿಟಕೀಲಿ ಕಂಡಿತ್ತು. ಅಲ್ಲಿಂದ ಇಲ್ಲಿವರೆಗೆ ಎಲ್ಲ ಅಂದಾಜು. ಮಗಳ ಚಹಾ ಒಂದು ದಿನ ಬಾಯಿಗಿಟ್ಟವನಲ್ಲ ನಾನು, ಗೊತ್ತಾಗೋದು ಹೇಗೆ?”

ಹಜಾರದಲ್ಲಿ ಎದ್ದ ಗಲಾಟೆಗೆ ಮೂರನೇ ಅಂತಸ್ತಿನ ಪಾರಿವಾಳಗಳು ಹಾರಿಹೋದವು.

“ಹಾಗಾದ್ರೆ ಹೋದ ವರ್ಷ ನನ್ನ ಚಹಾ ಒದ್ದೆ ನಾಯಿ ವಾಸನೆ ಅಂದಿದ್ದು?” ಎಂದು ಒಬ್ಬ ಹೆಂಗಸು ಎದ್ದಳು.

“ಅಂದಾಜು.”

“ನನ್ನ ಗಂಡ ಆ ಮಾತು ಕೇಳಿ ಒಲೆ ಒಡೆದು ಹೊಸದು ಕಟ್ಟಿದ್ನಲ್ಲಯ್ಯಾ!”

“ಹೊಸ ಒಲೆ ಚೆನ್ನಾಗಿದೆ ಅಂತ ನೀನೇ ಅಂದಿದ್ದೆ ತಾಯಿ.”

ಜೆಂಗ್ ಎದ್ದು ನಿಂತು, ಎಲ್ಲರೂ ದೂರುಗಳನ್ನು ಬರಹದಲ್ಲಿ ಕೊಡಬೇಕೆಂದು ಕೂಗಿದ. ಯಾರೂ ಕೇಳಲಿಲ್ಲ. ಈ ಗದ್ದಲದ ನಡುವೆ ಮೂಲೆಯ ಮೇಜಿನಿಂದ ಫಾಂಗ್‌ನ ಮಗ ಹಾವ್ ಎದ್ದ. ಅವನು ಮಾತಾಡುವುದೇ ಅಪರೂಪ. ಮದುವೆ ತನ್ನದೆಂದು ಯಾರಾದರೂ ಅವನಿಗೆ ತಿಳಿಸಿದ್ದರೋ ಇಲ್ಲವೋ.

“ಅಪ್ಪಾ, ಲೈ ಮಾವನೇ ಅಷ್ಟು ಒಪ್ಪಿಕೊಂಡ್ರು. ನಾವೂ ಹೇಳಿಬಿಡೋಣ,” ಎಂದ. “ಆ ಚಹಾ ಪೇಟೆಯಿಂದ ತಂದವನು ನಾನೇ. ವರ್ತಕನ ಹತ್ರ ಹೋಗಿ, ಅಂಗಡೀಲಿರೋದ್ರಲ್ಲಿ ಎಲ್ಲಕ್ಕಿಂತ ಒಳ್ಳೇದು ಕೊಡಿ ಅಂದೆ. ಇದನ್ನ ಕೊಟ್ಟ.”

ಫಾಂಗ್ ಮಗನನ್ನು ನೋಡಿದ, ತಟ್ಟೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಆಮೇಲೆ ಸುಯುನ್ ಇಟ್ಟ ಪೊಟ್ಟಣವನ್ನು ಹರಿದು, ಮೊಗ್ಗು ಹಾಕಿ, ನೀರು ಸುರಿದು, ಬಸಿದು, ನನ್ನ ಮುಂದಿನ ಬಟ್ಟಲಿಗೆ ಹುಯ್ದ. ಹುಯ್ಯುತ್ತಲೇ ಹೋದ. ಅಂಚಿನವರೆಗೆ, ಅಂಚು ಮೀರಿ, ಮೇಜಿನ ಬಟ್ಟೆ ನೆನೆಯುವವರೆಗೆ. ಅತಿಥಿಗೆ ಬಟ್ಟಲಿನ ಹತ್ತರಲ್ಲಿ ಏಳು ಪಾಲು ಹುಯ್ಯುವುದು ಮರ್ಯಾದೆ. ತುಂಬಿಸಿ ಇಟ್ಟರೆ ಎದ್ದು ಹೋಗು ಎಂದರ್ಥ. ಮೂರು ವರ್ಷದ ಕೂಸಿಗೂ ಇದು ಗೊತ್ತು. ಚಿಯು ಅತ್ತೆ ತಾನಾಗಿಯೇ ಅಗುಳಿ ತೆಗೆದಳು.

“ನಡೀರಿ ಅಪ್ಪಾ, ಹೋಗೋಣ,” ಎಂದು ಸುಯುನ್ ಬಾಗಿಲ ಕಡೆ ನಡೆದಳು.

“ಇರಮ್ಮ. ಚಹಾ ಹಾಕಿದ್ದಾರೆ.”

ನಾನು ಕುರ್ಚಿ ಮುಂದಕ್ಕೆಳೆದು ಸರಿಯಾಗಿ ಕೂತೆ. ಬಟ್ಟಲು ಎತ್ತಿದರೆ ಚೆಲ್ಲುತ್ತಿತ್ತು, ಅದಕ್ಕೆ ಬಗ್ಗಿ, ಅಂಚಿಗೆ ತುಟಿ ಇಟ್ಟು ಹೀರಿದೆ. ಐದು ಮೇಜಿಗೂ ಕೇಳುವ ಹಾಗೆ, ಗಾಳಿಯ ಸಮೇತ, ಸದ್ದಿನ ಸಮೇತ. ಈ ಸಲ ಕಣ್ಣು ಮುಚ್ಚಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಮಗಳ ಚಹಾ ಅಂತ ಗೊತ್ತಿದ್ದು ಕುಡಿದದ್ದು ಅದೇ ಮೊದಲು. ಬಟ್ಟಲು ಬರಿದಾಗುವವರೆಗೆ ಕುಡಿದೆ. ಮೇಜು ಬಿಟ್ಟೇಳಲಿಲ್ಲ. ಬಟ್ಟಲನ್ನು ಫಾಂಗ್ ಕಡೆಗೆ ತಳ್ಳಿ, “ಇನ್ನೊಂದು,” ಎಂದೆ.

ಬಾಗಿಲಲ್ಲಿ ನಿಂತಿದ್ದ ಸುಯುನ್ ನನ್ನನ್ನು ನೋಡಿದಳು. ಆಮೇಲೆ ವಾಪಸ್ ಬಂದಳು. ಬೂಟಿನ ಸದ್ದು ಮಾಡುತ್ತಲೇ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಒಂದು ಖಾಲಿ ಬಟ್ಟಲನ್ನು ತಾನೂ ಮುಂದಕ್ಕೆ ತಳ್ಳಿದಳು. ಚಿಯು ಅತ್ತೆಯ ಬಾಯಿ ತೆರೆದೇ ಇತ್ತು. ಗಂಡಿನ ಮನೆಯ ಹಜಾರದಲ್ಲಿ ಹೆಣ್ಣು ತಾನೇ ಚಹಾ ಕೇಳಿದರೆ ಅದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೊಂದಿಲ್ಲ.

“ನನಗೂ ಹಾಕಿ ಫಾಂಗ್ ಮಾವ,” ಎಂದಳು ಸುಯುನ್. “ನನ್ನ ಚಹಾ ನಾನು ಕುಡಿದ್ರೆ ಯಾರ ಮನೆ ಸೊಸೇನೂ ಆಗಲ್ಲ.”

ಫಾಂಗ್ ಜಿನ್‌ಪೋ ಹೂಜಿ ಹಿಡಿದು ನಿಂತೇ ಇದ್ದ. ಅವನ ಮನೆ, ಅವನ ಮೇಜು, ಅವನ ನೆಂಟರು. ಎಲ್ಲರೆದುರು ಚಹಾ ಕೇಳಿದ ಅತಿಥಿಗೆ ಇಲ್ಲ ಅನ್ನುವಂತಿರಲಿಲ್ಲ. ಹಾವ್ ನೀರು ಕಾಯಿಸಿ ತಂದ. ಫಾಂಗ್ ಬಿಸಿನೀರಲ್ಲಿ ಬಟ್ಟಲು ತೊಳೆದ. ಮೊಗ್ಗಿನ ನೆತ್ತಿಗೆ ಬೀಳದ ಹಾಗೆ ಗೋಡೆಗೆ ನೀರು ಇಳಿಬಿಟ್ಟ, ಹತ್ತು ಎಣಿಸಿದ, ಬಸಿದ. ನನ್ನ ಮಗಳ ಬಟ್ಟಲಿಗೆ ಹುಯ್ದು, ಸರಿಯಾಗಿ ಏಳು ಪಾಲಿಗೆ ಕೈ ನಿಲ್ಲಿಸಿದ.